ಲ್ಯಾಮ್ಡಾ ಕಣದ ಡಿಕೇ: ನನ್ನ ಪ್ರೋಗ್ರಾಂ ಉಲ್ಟಾ ಉತ್ತರ ಕೊಡ್ತಿದೆ

ಎಂಎಸ್ಸಿ ಹುಡುಗ, ಕಲಬುರಗಿ
ಸೆಮಿನಾರ್‌ಗೆ ಅಂತ ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಒಂದು ಕಣ ಒಡೆದು ಬೇರೆ ಕಣಗಳಾಗೋದು (ಡಿಕೇ) ಸಾಧ್ಯವಾ ಅಂತ ಹೇಳುತ್ತೆ. ಚಾರ್ಜ್, ಬೇರಿಯಾನ್ (ಪ್ರೋಟಾನ್, ನ್ಯೂಟ್ರಾನ್ ತರಹದ ಕಣ) ಸಂಖ್ಯೆ, ಲೆಪ್ಟಾನ್ (ಎಲೆಕ್ಟ್ರಾನ್, ನ್ಯೂಟ್ರಿನೊ ತರಹದ ಕಣ) ಸಂಖ್ಯೆ, ಸ್ಟ್ರೇಂಜ್‌ನೆಸ್ (ಕೆಲವು ಕಣಗಳಿಗೆ ಮಾತ್ರ ಇರೋ ಒಂದು ಗುಣದ ಎಣಿಕೆ), ನಾಲ್ಕನ್ನೂ ಎರಡೂ ಕಡೆ ಕೂಡಿಸುತ್ತೆ. ಒಂದು ತಪ್ಪಿದರೂ "ಆಗಲ್ಲ". ಈ ಪಟ್ಟಿ ಸೂಪರ್ ಮಾರ್ಕೆಟ್ ಹತ್ತಿರ ಝೆರಾಕ್ಸ್ ಮಾಡಿಸಿದ ನೋಟ್ಸ್‌ನದು. ಲ್ಯಾಮ್ಡಾ ಅಂದ್ರೆ ಸ್ಟ್ರೇಂಜ್‌ನೆಸ್ −1 ಇರೋ ಬೇರಿಯಾನ್. ಪೈ, ಕೆ ಪ್ರೋಟಾನ್‌ಗಿಂತ ಹಗುರ ಕಣಗಳು, ಪೈಗೆ ಸ್ಟ್ರೇಂಜ್‌ನೆಸ್ 0, ಕೆ ಮೈನಸ್‌ಗೆ −1. ಮ್ಯುವಾನ್ ಎಲೆಕ್ಟ್ರಾನ್‌ನ ಭಾರದ ಅಣ್ಣ. ಬಂದ ಉತ್ತರ:

ಲ್ಯಾಮ್ಡಾ → ಪ್ರೋಟಾನ್ + ಪೈ ಮೈನಸ್: ಆಗಲ್ಲ
ಲ್ಯಾಮ್ಡಾ → ಪ್ರೋಟಾನ್ + ಕೆ ಮೈನಸ್: ಆಗುತ್ತೆ
ಮ್ಯುವಾನ್ → ಎಲೆಕ್ಟ್ರಾನ್ + ಫೋಟಾನ್: ಆಗುತ್ತೆ

ಪುಸ್ತಕದಲ್ಲಿ ಮೂರೂ ಉಲ್ಟಾ ಇದೆ. ಎಲ್ಲಿ ಎಡವಟ್ಟಾಗಿದೆ?

ಬೀದರ್ ಮೇಷ್ಟ್ರು
ತಮ್ಮಾ, ಕೋಡ್ ಸರಿ ಇದೆ, ನೋಟ್ಸ್ ಅರ್ಧ ಹೇಳಿದೆ. ಸ್ಟ್ರೇಂಜ್‌ನೆಸ್ ಪ್ರಬಲ ಬಲದಲ್ಲೂ (ನ್ಯೂಕ್ಲಿಯಸ್ ಹಿಡಿದಿಡೋದು) ವಿದ್ಯುತ್ಕಾಂತೀಯ ಬಲದಲ್ಲೂ ಉಳಿಯುತ್ತೆ. ದುರ್ಬಲ ಬಲ (ಬೀಟಾ ಡಿಕೇ ಮಾಡಿಸೋದು) ಅದನ್ನು ಕೇರ್ ಮಾಡಲ್ಲ, 1ರಷ್ಟು ಬದಲಾಗಬಹುದು. ನಿನ್ನ ಮೊದಲನೆಯದು ಹೀಗೇ ಆಗೋದು. ಉಳಿದ ಮೂರು ಮುರಿದಿದ್ದನ್ನು ಯಾರೂ ಕಂಡಿಲ್ಲ.

ಎರಡನೆಯದಕ್ಕೆ ನೀನು ದ್ರವ್ಯರಾಶಿಯನ್ನೇ ಕೇಳಿಲ್ಲ. ಪ್ರೋಟಾನ್ 938, ಕೆ ಮೈನಸ್ 494, ಒಟ್ಟು 1432 ಎಂಇವಿ (ಕಣಗಳ ದ್ರವ್ಯರಾಶಿ ಹೇಳೋ ಶಕ್ತಿಯ ಮಾನ). ಲ್ಯಾಮ್ಡಾ ಹತ್ತಿರ ಇರೋದೇ 1116. ಕಿಸೆಯಲ್ಲಿ ಇಲ್ಲದ್ದನ್ನು ಹೇಗೆ ಖರ್ಚು ಮಾಡುತ್ತೆ? ಪೈ ಮೈನಸ್ 140 ಅಷ್ಟೇ, ಆ ದಾರಿಯಲ್ಲಿ 38 ಉಳಿಯುತ್ತೆ.

ಮಜಾ ಇರೋದು ಇಲ್ಲೇ. ಸ್ಟ್ರೇಂಜ್‌ನೆಸ್ ಇರೋ ಬೇರಿಯಾನ್‌ಗಳಲ್ಲಿ ಲ್ಯಾಮ್ಡಾನೇ ಹಗುರ. ಅದನ್ನು ಉಳಿಸಿಕೊಂಡು ಒಡೆಯೋಕೆ ದಾರಿಯೇ ಇಲ್ಲ. ಹಾಗಾಗಿ ದುರ್ಬಲ ಬಲಕ್ಕೇ ಕಾಯಬೇಕು. ಪ್ರಬಲ ಬಲದಲ್ಲಿ 10⁻²³ ಸೆಕೆಂಡ್ ಆಸುಪಾಸಿನಲ್ಲಿ ಮುಗಿಯೋ ಕೆಲಸಕ್ಕೆ ಇದು 2.6 × 10⁻¹⁰ ಸೆಕೆಂಡ್ ತಗೊಳ್ಳುತ್ತೆ. ಆಯಸ್ಸು ನೋಡಿದರೆ ಯಾವ ಬಲ ಅಂತ ಗೊತ್ತಾಗುತ್ತೆ, ಅಲ್ವಾ? ಪ್ರೋಗ್ರಾಂ "ಆಗುತ್ತೆ, ಆಗಲ್ಲ" ಬಿಟ್ಟು ಬಲದ ಹೆಸರು ಹೇಳೋ ಹಾಗೆ ಮಾಡು.

ಯಾದಗಿರಿ ಅಕ್ಕ
ಮೂರನೆಯದಕ್ಕೆ ಲೆಪ್ಟಾನ್‌ಗಳನ್ನು ಒಟ್ಟಿಗೆ ಎಣಿಸಬೇಡ. ಎಲೆಕ್ಟ್ರಾನ್ ಬಳಗ, ಮ್ಯುವಾನ್ ಬಳಗ, ಟೌ ಬಳಗ, ಮೂರು ಬೇರೆ ಕಾಲಮ್. ಮ್ಯುವಾನ್ ಒಡೆದಾಗ ಎಲೆಕ್ಟ್ರಾನ್ ಜೊತೆ ಮ್ಯುವಾನ್ ನ್ಯೂಟ್ರಿನೊ ಮತ್ತು ಎಲೆಕ್ಟ್ರಾನ್ ಪ್ರತಿನ್ಯೂಟ್ರಿನೊ ಬರುತ್ತವೆ, ಲೆಕ್ಕ ಕೂಡುತ್ತೆ. ಹಾರಾಡೋ ನ್ಯೂಟ್ರಿನೊಗಳು ಬಳಗ ಬದಲಿಸುತ್ತವೆ ನಿಜ, ನಿನ್ನ ಸೆಮಿನಾರ್‌ಗೆ ಅದು ಬೇಡ.

ಬೇರಿಯಾನ್ ಸಂಖ್ಯೆ ಮುರಿಯುತ್ತಾ ಅಂತ ನಮ್ಮ ಕೋಲಾರದ ಚಿನ್ನದ ಗಣಿಯಲ್ಲೇ 1980ರ ದಶಕದಲ್ಲಿ ಪ್ರೋಟಾನ್ ಡಿಕೇಗೆ ಕಾದು ಕೂತಿದ್ದರು. ಆ ಸ್ಲೈಡ್ ಹಾಕು, ನಿದ್ದೆ ಮಾಡೋರೂ ಎದ್ದೇಳುತ್ತಾರೆ.

ಎಂಎಸ್ಸಿ ಹುಡುಗ, ಕಲಬುರಗಿ
ಮೂರೂ ಸರಿಹೋಯ್ತು, ಥ್ಯಾಂಕ್ಸ್ ಸರ್, ಅಕ್ಕಾ. ಈಗ ಕ್ಸೈ ಮೈನಸ್ (ಸ್ಟ್ರೇಂಜ್‌ನೆಸ್ −2 ಇರೋ ಬೇರಿಯಾನ್) → ನ್ಯೂಟ್ರಾನ್ + ಪೈ ಮೈನಸ್ ಕೊಟ್ಟರೆ "ದುರ್ಬಲ" ಅಂತಿದೆ. ನಿಜಾನಾ?

ಬೀದರ್ ಮೇಷ್ಟ್ರು
ಅಲ್ಲಿ ಸ್ಟ್ರೇಂಜ್‌ನೆಸ್ 2 ಬದಲಾಗುತ್ತೆ. ಒಂದೇ ಏಟಿಗೆ 1ಕ್ಕಿಂತ ಜಾಸ್ತಿ ಬಿಡಬೇಡ ಅಂತ ಷರತ್ತು ಹಾಕು. ಕ್ಸೈ ಮೊದಲು ಲ್ಯಾಮ್ಡಾ + ಪೈ ಮೈನಸ್ ಆಗುತ್ತೆ, ಆಮೇಲೆ ಲ್ಯಾಮ್ಡಾ ಒಡೆಯುತ್ತೆ.