ಪದಚರ್ಚೆ: ವಿಮಾನದ ‘ಕ್ಯಾನೋಪಿ’ಗೆ ಏನನ್ನಬೇಕು, ಅದರೊಳಗಿನ ‘ಹೀಟ್’ಗೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ್ರಿ. ಒಂದೆರಡು ಪದ ಬೇಕಾಗ್ಯಾವ, ಬಲ್ಲವರಿದ್ರ ಹೇಳ್ರಿ. ಸಣ್ಣ ವಿಮಾನದಾಗ ಪೈಲಟ್ ತಲಿ ಮ್ಯಾಲ ಬೋರಲು ಹಾಕಿದಂಗ ಒಂದು ಪಾರದರ್ಶಕ ಮುಚ್ಚಳ ಇರ್ತದಲ್ಲ, ಇಂಗ್ಲಿಷಿನ್ಯಾಗ ಬಬಲ್ ಕ್ಯಾನೋಪಿ ಅಂತಾರ, ಅದಕ್ಕ ಕನ್ನಡದಾಗ ಏನನ್ನಬೇಕು? ಮತ್ತ ಅದರೊಳಗ ಬಿಸಲಿನ ಕಾಟ ಕಮ್ಮಿ ಮಾಡೋದು ಹ್ಯಾಂಗ ಅಂತ ಬರಿಯೋವಾಗ ‘ಹೀಟ್’ ಅನ್ನೋ ಒಂದೇ ಪದ ಬಂದಲ್ಲೆಲ್ಲ ನಾವು ಒಂದೇ ಪದ ಹಾಕಬೇಕೋ ಬ್ಯಾರೆ ಬ್ಯಾರೆ ಹಾಕಬೇಕೋ?

ಇದು ಯಾಕ ಬೇಕಾಯ್ತು ಅಂದ್ರ, ನಮ್ಮ ಕಡಿ ಪಿಯು ಹುಡುಗ್ರಿಗೆ ಅಂತ ಒಂದು ಲೇಖನ ಬರಿಲಾಕತ್ತೀನಿ. ಬೀದರದವರಿಗೆ ವಿಮಾನ ಹೊಸದಲ್ಲ, ವಾಯುಪಡೆ ತರಬೇತಿ ನೆಲೆ ಅಲ್ಲೇ ಅದ, ವಾಯುಪಡೆಯ ವಿಮಾನ ಕಸರತ್ತಿನ ಸೂರ್ಯಕಿರಣ ತಂಡ 1996ರಾಗ ಹುಟ್ಟಿದ್ದೂ ಅಲ್ಲೇ. ಕಲಬುರಗಿಯೊಳಗ 2019ರಾಗ ವಿಮಾನ ನಿಲ್ದಾಣ ಶುರು ಆದ ಮ್ಯಾಲ ಇಲ್ಲಿ ಹುಡುಗ್ರೂ ಪೈಲಟ್ ಆಗಬೇಕು ಅಂತ ಕೇಳ್ಲಾಕತ್ಯಾರ. ಆದ್ರ ಕನ್ನಡದಾಗ ಓದಲಿಕ್ಕೆ ಕೊಡೋಣಂದ್ರ ಅಂಥಾ ಬರಹ ಕೈಗೆ ಸಿಗೋದು ಕಷ್ಟ.

ಮೊದಲು ಕ್ಯಾನೋಪಿ. ನಿಘಂಟಿನ್ಯಾಗ ಮೇಲ್ಕಟ್ಟು, ವಿತಾನ, ಮೇಲಾವರಣ ಅಂತ ಸಿಗ್ತಾವ. ಮೇಲ್ಕಟ್ಟು ಛಲೋ ಪದನೇ, ಆದ್ರ ಮೇಲ್ಕಟ್ಟು ಅಂದ್ಕೂಡ್ಲೇ ನಮಗ ಕಣ್ಣಮುಂದ ಬರೋದು ಮದವಿ ಹಂದರ, ಮ್ಯಾಲ ಬಟ್ಟಿ, ಕೆಳಗ ನೆಳ್ಳು. ಇಲ್ಲಿ ಇರೋದು ಪೂರಾ ಉಲ್ಟಾ. ಈ ಮುಚ್ಚಳ ಮಾಡಿದ್ದೇ ಪೈಲಟ್‌ಗೆ ಸುತ್ತ ನಾಕೂ ದಿಕ್ಕು, ಮ್ಯಾಲ ಮುಗಿಲು ಕಾಣಲಿ ಅಂತ, ಹಂಗಾಗಿ ನೆಳ್ಳಿನ ಮಾತೇ ಇಲ್ಲ. ಗುಮ್ಮಟ ಅನ್ನೋಣ ಅಂತ ಗೆಳೆಯರೊಬ್ಬರು ಅಂದ್ರು, ಆಕಾರಕ್ಕ ಸರಿ ಹೊಂದ್ತದ. ಆದ್ರ ಕಲಬುರಗಿಯ ಹಫ್ತ್ ಗುಂಬಜ್ ಒಳಗ, ಇಲ್ಲಾ ಬೀದರ ಹತ್ರದ ಅಷ್ಟೂರಿನ ಗುಂಬಜಗಳೊಳಗ ಮೇ ತಿಂಗಳ ಮಧ್ಯಾಹ್ನ ಹೋಗಿ ನಿಂತ್ರ ಏನಾಗ್ತದ್ರಿ? ತಣ್ಣಗ ಅನಸ್ತದ, ಅಷ್ಟು ದಪ್ಪ ಗ್ವಾಡಿ ಅವ. ನಮ್ಮ ಹುಡುಗ್ರ ಮನಸ್ಸಿನ್ಯಾಗ ಗುಮ್ಮಟ ಅಂದ್ರ ತಂಪು ಜಾಗ, ಆ ಪದ ಇಟ್ಟು ಅದರೊಳಗ ಬೇಯ್ತಾರ ಅಂತ ಬರದ್ರ ಓದೋರಿಗೆ ಹೊಂದಂಗಿಲ್ಲ. ಗಾಜಿನ ಗುಳ್ಳಿ ಅನ್ನಬಹುದೇನೋ, ಖರೇ ಅಂದ್ರ ಅದು ಗಾಜಲ್ಲ, ಬಹುತೇಕ ಸಣ್ಣ ವಿಮಾನಗಳಾಗ ಅಕ್ರಿಲಿಕ್, ಒಂದು ಥರದ ಪ್ಲಾಸ್ಟಿಕ್ಕು. ಗಾಜು ಅಂತ ಬರದ್ರ ಯಾರರೆ ಮನಿ ಕಿಟಕಿ ಗ್ಲಾಸು ಒರಸೋ ಅಮೋನಿಯಾ ಇರೋ ಸ್ಪ್ರೇ ಹೊಡೆದು ಒರಸಿಬಿಟ್ಟಾರು, ಅದಕ್ಕ ಕೂದಲೆಳಿಯಂಥ ಬಿರುಕು ಬಿದ್ದು ಕೆಡ್ತದ. ಹಿಂಗಾಗಿ ಪದ ಆರಿಸೋದು ಬರೀ ಚಂದಕ್ಕಲ್ಲ.

ನನಗ ಸದ್ಯಕ್ಕ ‘ಗುಳ್ಳಿಮುಚ್ಚಳ’ ಅಂತ ಅನಸ್ಯದ. ಬರಹದಾಗ ಗುಳ್ಳೆಮುಚ್ಚಳ. ಇದಕ್ಕಿಂತ ಛಲೋದು ಇದ್ರ ತಿಳಸ್ರಿ.

ಈಗ ಹೀಟ್ ವಿಷಯಕ್ಕ ಬರ್ತೀನಿ, ನನಗ ಹೆಚ್ಚು ತಲಿಕೆಟ್ಟಿದ್ದು ಇದೇ. ಪಠ್ಯದ ಕನ್ನಡದಾಗ ಉಷ್ಣ, ಶಾಖ, ತಾಪ ಅಂತ ಬರೀತೇವಿ, ಮೂರೂ ಎಲ್ಲಿ ಬೇಕಾದಲ್ಲಿ ಬರ್ತಾವ. ನಮ್ಮ ಕಡಿ ಬಾಯಾಗ ಮಾತ್ರ ಹಂಗಿಲ್ಲ. ಬಿಸಲು ಬಡೀತದ ಅಂತೀವಿ, ಶಾಬಾದ ಪರಸಿ (ಹಾಸುಗಲ್ಲು) ರಾತ್ರಿ ಹತ್ತು ಹೊಡದ್ರೂ ಕಾವು ಬಿಡ್ತದ ಅಂತೀವಿ, ಬಾಗಲಾ ಹಾಕಿದ ಖೋಲಿಯೊಳಗ ಶಕಿ (ಸೆಕೆ) ಆಗ್ತದ ಅಂತೀವಿ, ಹೊರಗ ಹೋದ್ರ ಝಳ ಹೊಡೀತದ ಅಂತೀವಿ. ಯಾರೂ ‘ಪರಸಿಗೆ ಶಕಿ ಆಗ್ಯದ’ ಅನ್ನಂಗಿಲ್ಲ. ಲೇಖನ ಬರಿತಾ ಬರಿತಾ ನನಗ ಕಂಡಿದ್ದು ಏನಂದ್ರ ಆ ಗುಳ್ಳಿಯೊಳಗ ಈ ನಾಕೂ ಅವ, ಮತ್ತ ಒಂದೊಂದಕ್ಕ ಮಾಡೋ ಉಪಾಯ ಬ್ಯಾರೆ ಬ್ಯಾರೆ. ಎಲ್ಲಾದಕ್ಕೂ ಶಾಖ ಶಾಖ ಅಂತ ಬರದ್ರ ಯಾವುದಕ್ಕ ಏನು ಮಾಡಬೇಕು ಅನ್ನೋದೇ ಮುಚ್ಚಿಹೋಗ್ತದ.

ಬಿಸಲು ತಗೋರಿ. ನಡುಮಧ್ಯಾಹ್ನ ಸೂರ್ಯ ನೆತ್ತಿ ಮ್ಯಾಲ ಇದ್ದಾಗ ಒಂದು ಚದರ ಮೀಟರ್ ಜಾಗದ ಮ್ಯಾಲ ಹತ್ತತ್ರ 1000 ವಾಟ್ ಬೀಳ್ತದ, ಸ್ವಚ್ಛ ಅಕ್ರಿಲಿಕ್ ಕಣ್ಣಿಗೆ ಕಾಣೋ ಬೆಳಕಿನ್ಯಾಗ ನೂರಕ್ಕ 92ರಷ್ಟು ಒಳಗ ಬಿಡ್ತದ. ಅಂದ್ರ ಎರಡು ಸೀಟಿನ ಗುಳ್ಳಿಯೊಳಗ ಒಂದು ಕಿಲೋವಾಟ್ ಹೀಟರ್ ಹಚ್ಚಿಟ್ಟಂಗ. ರೆಕ್ಕಿ ಮ್ಯಾಲಿರೋ ಸೆಸ್ನಾ 172ರಂಥಾದ್ರಾಗ ಮ್ಯಾಲ ಛತ್ತು, ರೆಕ್ಕಿ ಇರ್ತಾವ, ಒಂದಿಷ್ಟು ನೆಳ್ಳು ಸಿಗ್ತದ. ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಮಾಡಿದ ಎರಡು ಸೀಟಿನ ತರಬೇತಿ ವಿಮಾನ ಹಂಸ-ಎನ್‌ಜಿ 2021ರಾಗ ಮೊದಲ ಸಲ ಹಾರಿತು, ಅದಕ್ಕ ಬಬಲ್ ಕ್ಯಾನೋಪಿನೇ, ರೆಕ್ಕಿ ಕೆಳಗ. ಬಿಸಲು ನೇರ ತಲಿಗೆ, ತೊಡಿಗೆ. ಇದಕ್ಕ ಉಪಾಯ ಅಂದ್ರ ತಡಿಯೋದು, ಅದೂ ಹೊರಗೇ ತಡಿಯೋದು. ನಿಲ್ಲಿಸಿಟ್ಟಾಗ ಬಿಳಿ ಇಲ್ಲಾ ಬೆಳ್ಳಿಬಣ್ಣದ ಬಟ್ಟಿ ಹೊರಗಿಂದ ಹೊದಿಸಿದ್ರ ಬೆಳಕು ಅಲ್ಲಿಂದನೇ ವಾಪಸ್ ಹೋಗ್ತದ, ಅದೇ ಬಟ್ಟಿ ಒಳಗ ಕಟ್ಟಿದ್ರ ಬಟ್ಟಿ ತಾನೇ ಕಾದು ಒಳಗಿನ ಹವಾನೇ ಕಾಯಿಸ್ತದ, ತಲಿಗೆ ನೆಳ್ಳು ಸಿಕ್ಕಿತು ಅಷ್ಟೇ. ಹಾರೋವಾಗ ಹೊರಗಿನ ಹೊದಿಕಿ ಇಡಾಕ ಬರಂಗಿಲ್ಲ, ಆಗ ನೆತ್ತಿ ಮ್ಯಾಲಷ್ಟೇ ಸರಿಸೋ ಅಂಥ ಸಣ್ಣ ಪಡದಾ ಹಾಕ್ತಾರ, ಬಾಜೂಕ ಹಾಕಬಾರದು, ಬ್ಯಾರೆ ವಿಮಾನ ಬರೋದು ಕಾಣಬೇಕಲ್ಲ. ಕಾರಿಗೆ ಹಚ್ಚೋ ಅಂಟಿನ ಫಿಲ್ಮು ಹಚ್ಚಬ್ಯಾಡ್ರಿ ಅಂತಲೂ ಬರಿಬೇಕು, ಎಲ್ಲಾ ಅಂಟೂ ಅಕ್ರಿಲಿಕ್‌ಗೆ ಆಗಿಬರಂಗಿಲ್ಲ, ಸಂಜಿಮುಂದ ಕಪ್ಪು ಫಿಲ್ಮಿನಿಂದ ಕಾಣೋದೂ ಕಮ್ಮಿ ಆಗ್ತದ.

ಈ ಪಡದಾಕ್ಕೇ ನನಗ ಪದ ಬೇಕಾಗಿದ್ದು. ತಟ್ಟಿ ಅನ್ನೋಣ ಅನಿಸಿತ್ತು, ಬಾಗಲಿಗೆ ಕಟ್ಟೋ ತಟ್ಟಿ ನಮ್ಮ ಹಳ್ಳಿಗಳಾಗ ಇನ್ನೂ ಅದ, ಆದ್ರ ಹಿಂದಿ, ದಖನಿ ಬಲ್ಲವರ ಕಿವಿಗೆ ಆ ಪದ ಬ್ಯಾರೆನೇ ಕೇಳಸ್ತದ, ಬೀದರ ಕಲಬುರಗಿಯೊಳಗ ಅದು ನಡಿಯಂಗಿಲ್ಲ. ‘ಬಿಸಿಲುಮರೆ’ ಹ್ಯಾಂಗ್ರಿ? ಗಾಳಿಗೆ ಮರೆ, ಮಳಿಗೆ ಮರೆ ಅಂತ ಅಂತೀವಿ, ಅದೇ ಜಾಡಿನ್ಯಾಗ.

ಕಾವು ಬ್ಯಾರೆ. ಒಳಗ ಬಂದ ಬಿಸಲು ಕರೇ ಡ್ಯಾಶ್‌ಬೋರ್ಡಿಗೆ, ಸೀಟಿಗೆ, ಬೆಲ್ಟಿನ ಬಕ್ಕಲಿಗೆ ಬಿದ್ದು ಅವು ಕಾಯ್ತಾವ, ಆಮ್ಯಾಲ ಅವು ಬಿಡೋ ಕಾವು ಅಕ್ರಿಲಿಕ್ ದಾಟಿ ಹೊರಗ ಹೋಗಂಗಿಲ್ಲ, ಬರೋವಾಗ ಬೆಳಕಾಗಿ ಬಂದದ್ದು ಹೋಗೋವಾಗ ಉದ್ದ ಅಲೆಯ ಅವಕೆಂಪು, ಅಂದ್ರ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಆಗಿರ್ತದ, ಅದಕ್ಕ ಈ ಪ್ಲಾಸ್ಟಿಕ್ಕು ಗ್ವಾಡಿ ಇದ್ದಂಗ. ಒಳಗ ತಿಳಿ ಬಣ್ಣ ಇದ್ರ ಕಾವು ಕಮ್ಮಿ, ಆದ್ರ ಡ್ಯಾಶ್‌ಬೋರ್ಡಿಗೆ ತಿಳಿ ಬಣ್ಣ ಹಚ್ಚಿದ್ರ ಅದರ ಪ್ರತಿಬಿಂಬ ಮುಂದಿನ ಕ್ಯಾನೋಪಿಯೊಳಗ ಮೂಡಿ ಕಣ್ಣು ಕುಕ್ಕತದ, ಅಲ್ಲಿ ಕರೇದೇ ಇರಬೇಕು. ಇನ್ನೊಂದು, ಕ್ಯಾನೋಪಿ ತೆರದಿಟ್ಟು ಬಿಸಲಾಗ ಬಿಟ್ಟುಹೋದ್ರ ಆ ಬಾಗು ಭೂತಗನ್ನಡಿಯಂಗ ಕಿರಣ ಒಂದೇ ಕಡಿ ಕೂಡಿಸಿ ಸೀಟು ಸುಡಬಹುದು, ಗ್ಲೈಡರ್ ಹಾರಸೋರು ಈ ಮಾತು ಹೊಸಬರಿಗೆ ಹೇಳೇ ಹೇಳ್ತಾರ. ಅದಕ್ಕ ‘ಸುಡು’ ಪದನೇ ಬೇಕು, ಕಾವು ಅಲ್ಲ.

ಶಕಿಗೆ ಹವಾ ಬೇಕು. ದೊಡ್ಡ ಜೆಟ್ಟಿನಂಗ ಎಸಿ ಇವಕ್ಕ ಬಹುತೇಕ ಇರಂಗಿಲ್ಲ, ಬಾಜೂಕ ನಾಕಾ ಡಕ್ಟ್ ಅನ್ನೋ ತಗ್ಗಿನ ಗಾಳಿಗಂಡಿ ಇಟ್ಟಿರ್ತಾರ. ಅದರಿಂದ ಹವಾ ಒಳಗ ಬಂದ್ರ ಸಾಲದು, ಹೋಗಾಕ ಹಿಂದ ಒಂದು ದಾರಿ ಇರಲೇಬೇಕು, ಇಲ್ಲಂದ್ರ ಒಳಗ ಬರೋದೂ ನಿಲ್ತದ. ಆ ಹೊರಗಂಡಿಗೆ ನಾನು ‘ಬೆಳಕಿಂಡಿ’ ಅನ್ನಬೇಕಂತ ಮಾಡೀನಿ, ಮಾಳಗಿ ಮನಿಯೊಳಗ ಹೊಗಿ, ಬಿಸಿ ಹವಾ ಮ್ಯಾಲ ಹೋಗೋದು ಅದರಿಂದನೇ. ಬೆಳಕು ಅನ್ನೋ ಮಾತು ಅದರಾಗ ಅದ, ಅದು ಅಡ್ಡ ಬರ್ತದೇನ್ರಿ?

ಝಳ ನೆಲದ ಹತ್ತಿರದ ಮಾತು. ರನ್‌ವೇ ಕಡಿ ಹೋಗೋವಾಗ, ಮ್ಯಾನ್ಯುಅಲ್ ಒಪ್ಪೋ ವಿಮಾನದಾಗ ಕ್ಯಾನೋಪಿ ಒಂಚೂರು ಎತ್ತಿಟ್ಟು ಪ್ರೊಪೆಲರ್ ಹವಾ ಒಳಗ ತಗೋತಾರ, ಝಳನೇ ಬರ್ತದ ಖರೇ, ಆದ್ರ ಶಕಿ ಹೋಗ್ತದ. ಹಾರೋ ಮುಂಚೆ ಅದನ್ನ ಬಂದ್ ಮಾಡಿ ಚಿಲಕ ಹಾಕಲೇಬೇಕು. ಮ್ಯಾಲ ಏರಿದಂಗ ಸಾವಿರ ಅಡಿಗೆ ಹೆಚ್ಚುಕಮ್ಮಿ 2 ಡಿಗ್ರಿ ಇಳೀತದ, ಕೆಳಗ 42 ಇದ್ರ ಐದು ಸಾವಿರ ಅಡಿ ಮ್ಯಾಲ 32ರ ಹತ್ರ. ಅಲ್ಲಿ ಝಳ ಇಲ್ಲ, ಶಕಿನೂ ಗಾಳಿಗಂಡಿಯಿಂದ ಹೋಗ್ತದ, ಬಿಸಲು ಮಾತ್ರ ಕೆಳಗಿನಕಿಂತ ಚುರುಕು. ತಂಪು ಹವಾ ಮುಖಕ್ಕ ಬಡಿಯೋವಾಗ ನೆತ್ತಿ ಸುಡೋದು ಹ್ಯಾಂಗ ಅಂತ ಕೇಳೋ ಹುಡುಗ್ರಿಗೆ ಈ ನಾಕು ಪದ ಇಟ್ಟುಕೊಂಡ್ರ ಒಂದೇ ಸಾಲಿನ್ಯಾಗ ಹೇಳಾಕ ಬರ್ತದ.

ನನ್ನ ಪ್ರಶ್ನೆ ಇಷ್ಟು: ಬಿಸಿಲು, ಕಾವು, ಸೆಕೆ, ಝಳ ಈ ನಾಕನ್ನ ನಾನು ಹೇಳಿದ ಅರ್ಥದಾಗೇ ಮೈಸೂರು, ಮಂಗಳೂರು, ಧಾರವಾಡದ ಕಡಿಯವರೂ ಬಳಸ್ತೀರೇನು? ಕರಾವಳಿಯವರ ಸೆಕೆಯೊಳಗ ಬೆವರು, ತ್ಯಾವ ಕೂಡೇ ಇರ್ತದ ಅನಸ್ತದ, ನಮ್ಮ ಶಕಿ ಒಣದೂ ಇರಬಹುದು. ಅರ್ಥ ಹಂಗ ಬದಲಾಗೋದಿದ್ರ ಗುಳ್ಳಿಯೊಳಗಿನ ನಿಂತ ಬಿಸಿ ಹವಾಕ್ಕ ನಿಮ್ಮ ಕಡಿ ಏನಂತೀರಿ, ಒಂದು ವಾಕ್ಯದಾಗ ಬಳಸಿ ತೋರಿಸಿದ್ರ ಉಪಕಾರ ಆಗ್ತದ.