ಪದ ಬೇಕಾಗ್ಯಾವ: ‘ಹ್ಯಾಂಗ್’, ‘ರೀಸ್ಟಾರ್ಟ್’, ‘ಟ್ರಬಲ್‌ಶೂಟಿಂಗ್’ (ಇವತ್ತೇ ಸಂಜಿಗೆ)

ಕೇಳಿದವರು: ಕಲಬುರಗಿ, ಕಂಪ್ಯೂಟರ್ ಅಂಗಡಿ

ಶರಣ್ರಿ ಎಲ್ಲರಿಗೂ. ಜಲ್ದಿ ಮೂರ್ನಾಕು ಪದ ಬೇಕಾಗ್ಯಾವ, ಸಂಜಿ 6ಕ್ಕ ಫ್ಲೆಕ್ಸ್ ಮಾಡೋನಿಗೆ ಫೈಲ್ ಕಳಸ್ಬೇಕು, ತಡ ಆದ್ರ ನಾಳಿಗಿ ಸಿಗಂಗಿಲ್ಲ ಅಂದಾನ. ಸೂಪರ್ ಮಾರ್ಕೆಟ್ ಕಡಿ ನಂದು ರಿಪೇರಿ ಅಂಗಡಿ ಅದ. ಆಳಂದ, ಚಿತ್ತಾಪುರ ಕಡಿಂದ ಜನ ಬಸ್ಸಿನಾಗ ಸಿಪಿಯು ಡಬ್ಬಿ ತೊಡಿ ಮ್ಯಾಲ ಇಟ್ಕೊಂಡು ಬರ್ತಾರ, ಇಲ್ಲಿ ನೋಡಿದ್ರ ಒಂದು ರೀಸ್ಟಾರ್ಟಿಗೆ ಸರಿ ಆಗೋದು ಇರ್ತದ, ಇಲ್ಲಂದ್ರ ರ್‍ಯಾಮ್ ತಗದು ಇರೇಸರ್ಲೆ ಉಜ್ಜಿ ಹಾಕಿದ್ರ ಮುಗೀತು. ಅದಕ್ಕ ಅಂಗಡಿ ಮುಂದ ಒಂದು ಬೋರ್ಡ್, ಜೊತಿಗೆ ಕೈಯಾಗ ಕೊಡ್ಲಾಕ ಒಂದು ಚೀಟಿ, ಮನಿಯಾಗೇ ಏನೇನ್ ನೋಡ್ಕೋಬೇಕು ಅಂತ.

ಮ್ಯಾಲ ದೊಡ್ಡ ಅಕ್ಷರದಾಗ ಟ್ರಬಲ್‌ಶೂಟಿಂಗಿಗೆ ಏನ್ ಬರೀಲಿ? ಎಲ್ಲಾ ಕಡಿ ‘ದೋಷ ನಿವಾರಣೆ’ ಅಂತ ಅದ ಖರೆ, ಆದ್ರ ನನ್ನ ಬಾಜೂಕ ಒಬ್ರು ಜ್ಯೋತಿಷ್ಯದವರು ಕುಂಡ್ರತಾರ, ಜನ ಎರಡೂ ಬೋರ್ಡ್ ಕೂಡಿಸಿ ಓದ್ತಾರ.

ಚೀಟಿ ಇಷ್ಟು ಬರ್ದೀನಿ: “ಕಂಪ್ಯೂಟರ್ ಹ್ಯಾಂಗ್ ಆದ್ರ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಮ್ಮೆಲೆ ಒತ್ರಿ, ನಿಂತಿರೋ ಪ್ರೋಗ್ರಾಮಿಗೆ ಎಂಡ್ ಟಾಸ್ಕ್ ಕೊಡ್ರಿ. ಆಗಲಿಲ್ಲಂದ್ರ ಬಂದ್ ಮಾಡಿ ಚಾಲೂ ಮಾಡ್ರಿ. ತಾರೀಖು ಹಿಂದಕ್ಕ ಹೋಗಿ ವೆಬ್‌ಸೈಟ್ ತೆರೀಲಿಲ್ಲಂದ್ರ ಒಳಗಿನ ಗೋಲ್ ಸೆಲ್ ಮುಗದದ, ಸಿಆರ್2032 ಅಂತ ಕೇಳಿ ತರ್ರಿ.” ಇದರಾಗ ಹ್ಯಾಂಗ್, ರೀಸ್ಟಾರ್ಟ್, ಇನ್ನ ಸೇರ್ಸಬೇಕಂತಿರೋ ಸೇಫ್ ಮೋಡ್ (ಬೇಕೇಬೇಕಾದಷ್ಟು ಮಾತ್ರ ಹಚ್ಚಿ ಕಂಪ್ಯೂಟರ್ ಚಾಲೂ ಮಾಡೋದು) ಇವಕ್ಕ ನಮ್ಮ ಮಂದಿಗೆ ತಿಳಿಯೋ ಕನ್ನಡ ಹೇಳ್ರಿ. ‘ಹ್ಯಾಂಗ್ ಆಗ್ಯಾದ’ ಅಂತ ಬರದ್ರ ನಮ್ಮ ಕಡಿ ‘ಹ್ಯಾಂಗ ಆಗ್ಯಾದ’ ಅಂತ ಓದಿ, ಚಲೋ ಆಗ್ಯಾದ ಅಂತಾರ್ರಿ, ಮಸ್ಕರಿ ಅಲ್ಲ.

ಉತ್ತರ: ಯಾದಗಿರಿ

ಬಂದ್, ಚಾಲೂ ಎರಡೂ ಕನ್ನಡ ಅಲ್ಲ. ಮೊದ್ಲು ಅವನ್ನ ತೆಗೀರಿ. ಕಂಪ್ಯೂಟರಿಗೆ ಎಣ್ಣುಕ ಅನ್ನಿ. ಟ್ರಬಲ್‌ಶೂಟಿಂಗಿಗೆ ‘ತೊಡಕು ಬಿಡಿಸುವಿಕೆ’, ರೀಸ್ಟಾರ್ಟಿಗೆ ‘ಮರುಮೊದಲಿಸು’, ಸೇಫ್ ಮೋಡಿಗೆ ‘ಕಾಪಿನ ಬಗೆ’. ಹ್ಯಾಂಗಿಗಂತೂ ನಮ್ಮಲ್ಲೇ ಒಳ್ಳೆ ಪದ ಅದ, ಗರಬಡಿ. ‘ಎಣ್ಣುಕಕ್ಕೆ ಗರಬಡಿದಿದೆ’ ಅಂದ್ರ ಯಾರಿಗ್ ತಿಳಿಯಲ್ಲ ಹೇಳ್ರಿ? ಅಚ್ಚಗನ್ನಡ, ಹಳ್ಳಿಯವರ ಬಾಯಿಮಾತು. ಹುಡುಕಿದ್ರ ಸಿಗ್ತಾವ, ಹುಡುಕೋ ಮನಸ್ಸು ಬೇಕು ಅಷ್ಟೇ.

ಉತ್ತರ: ಕಲಬುರಗಿ, ನಿವೃತ್ತ ಉಪನ್ಯಾಸಕ

> ಅಚ್ಚಗನ್ನಡ, ಹಳ್ಳಿಯವರ ಬಾಯಿಮಾತು

ಗರ ಎಂಬುದು ಗ್ರಹದ ತದ್ಭವ. ಗ್ರಹ ಹಿಡಿದದ್ದೇ ಗರ ಬಡಿದದ್ದು. ಅಚ್ಚಗನ್ನಡ ಬೋಧಿಸುವ ಮೊದಲು ಇಷ್ಟು ನೋಡಿಕೊಂಡಿದ್ದರೆ ಚೆನ್ನಾಗಿತ್ತು.

ರೀಸ್ಟಾರ್ಟಿಗೆ ‘ಪುನರಾರಂಭ’ ಸಾಕು. ಫೋನುಗಳಲ್ಲಿ ‘ಮರುಪ್ರಾರಂಭಿಸಿ’ ಅಂತ ಬರ್ತದೆ, ಅದು ಅರಿಸಮಾಸ, ಮರು ಕನ್ನಡ, ಪ್ರಾರಂಭ ಸಂಸ್ಕೃತ. ಕಾದ ಹಾಲಿಗೆ ಮಜ್ಜಿಗೆ ಹನಿ ಬಿಟ್ಟಂಗ ಆಗ್ತದೆ ಅಂತ ಕವಿರಾಜಮಾರ್ಗದಲ್ಲೇ ಎಚ್ಚರಿಸಿದ್ದಾರೆ, ಅದು 9ನೇ ಶತಮಾನದಲ್ಲಿ, ಅದೂ ನಮ್ಮ ಸೇಡಂ ತಾಲ್ಲೂಕಿನ ಮಳಖೇಡದ ಆಸ್ಥಾನದಲ್ಲಿ. ಈ ನೆಲದವರೇ ಮರೆತರೆ ಹೇಗೆ?

ಉತ್ತರ: ಯಾದಗಿರಿ

ತದ್ಭವ ಆದಮ್ಯಾಲ ಅದು ನಮ್ಮದೇ. ಗರ ಅನ್ನೋವಾಗ ಯಾರ್ ಗ್ರಹ ನೆನಸ್ಕೋತಾರ? ಪುನರಾರಂಭ ಅಂದ್ರ ಶಾಲಿ ಸೂಟಿ ಮುಗಿದು ಬಾಗಿಲು ತಗದಂಗ ಕೇಳ್ತದ. ಬೇಡ.

ಉತ್ತರ: ಬೀದರ, ಕಂಪ್ಯೂಟರ್ ಕ್ಲಾಸ್ ನಡಸ್ತೀನಿ

ಅಣ್ಣಾರ, ನೀವಿಬ್ರು ಆಮ್ಯಾಲ ಜಗಳ ಆಡ್ರಿ, ಮೊದ್ಲು ಆ ಚೀಟಿ ನೋಡ್ರಿ, ಅದರಾಗ ಒಂದು ಸಾಲು ಹಂಗೇ ಪ್ರಿಂಟ್ ಆದ್ರ ಜನ ಮತ್ತ ಡಬ್ಬಿ ಹೊತ್ಕೊಂಡೇ ಬರ್ತಾರ.

> ಬಂದ್ ಮಾಡಿ ಚಾಲೂ ಮಾಡ್ರಿ

ಇದು ರೀಸ್ಟಾರ್ಟ್ ಅಲ್ರಿ. ವಿಂಡೋಸ್ 8ರಿಂದ ಈಚಿಗೆ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಬಂದದ, ಸಾಮಾನ್ಯವಾಗಿ ಅದು ಆನ್ ಆಗೇ ಇರ್ತದ. ಶಟ್‌ಡೌನ್ ಕೊಟ್ರ ನಮ್ಮ ಫೈಲು ಪ್ರೋಗ್ರಾಮು ಎಲ್ಲಾ ಬಂದ್ ಆಗ್ತಾವ ಖರೆ, ಆದ್ರ ಒಳಗಿನ ಕರ್ನಲ್ (ವಿಂಡೋಸಿನ ತಿರುಳು), ಡ್ರೈವರ್ (ಪ್ರಿಂಟರಿನಂಥ ಸಾಮಾನು ನಡಸೋ ಪ್ರೋಗ್ರಾಮು) ಇದ್ದಂಗೇ ಡಿಸ್ಕಿನಾಗ ಬರ್ಕೊಂಡು ಮಲಗ್ತಾವ. ಮುಂಜಾನಿ ಬಟನ್ ಒತ್ತಿದ್ರ ಅದನ್ನೇ ಓದ್ಕೊಂಡು ಏಳ್ತದ, ಅದಕ್ಕೇ ಅಷ್ಟು ಜಲ್ದಿ ಬರ್ತದ. ಅಂದ್ರ ನಿನ್ನಿ ಪ್ರಿಂಟರ್ ಡ್ರೈವರ್ ಕೆಟ್ಟಿದ್ರ ಇವತ್ತೂ ಹಂಗೇ ಕೆಟ್ಟೇ ಏಳ್ತದ. ರೀಸ್ಟಾರ್ಟ್ ಕೊಟ್ರ ಮಾತ್ರ ಎಲ್ಲಾ ಬುಡದಿಂದ ಹೊಸದಾಗಿ ಏರ್ತದ.

ನಮ್ಮ ಕ್ಲಾಸಿನಾಗ ಒಬ್ಬಾಕಿ ‘ಮೇಡಂ ನಾ ದಿನಾ ರಾತ್ರಿ ಬಂದ್ ಮಾಡೇ ಮಲಗ್ತೀನಿ’ ಅಂತ ಆಣಿ ಮಾಡಿ ಹೇಳಿದ್ಲು, ಲ್ಯಾಪ್‌ಟಾಪ್ ಇರುವಿ ನಡದಂಗ ನಡೀತಿತ್ತು. ಟಾಸ್ಕ್ ಮ್ಯಾನೇಜರ್ ತೆಗದು ಪರ್ಫಾರ್ಮೆನ್ಸ್ ಒತ್ತಿ ಸಿಪಿಯು ಕೆಳಗ ಅಪ್‌ಟೈಮ್ (ಬುಡದಿಂದ ಚಾಲೂ ಆಗಿ ಎಷ್ಟು ಹೊತ್ತಾಯ್ತು ಅನ್ನೋದು) ನೋಡಿದ್ರ ಎರಡು ವಾರದ ಮ್ಯಾಲ ತೋರಸ್ತಿತ್ತು. ಆಕಿ ಸುಳ್ಳ ಹೇಳಿರಲಿಲ್ಲ, ದಿನಾ ಬಂದ್ ಮಾಡ್ತಿದ್ಲು, ಕಂಪ್ಯೂಟರ್ ಪೂರಾ ಬಂದ್ ಆಗ್ತಿರಲಿಲ್ಲ. ಒಂದು ರೀಸ್ಟಾರ್ಟಿಗೆ ಅಪ್‌ಟೈಮ್ ಸೊನ್ನಿಗಿ ಬಂತು, ಲ್ಯಾಪ್‌ಟಾಪ್ ಓಡ್ಲಾಕತ್ತು.

ಅದಕ್ಕ ಪದ ಏನರ ಇರ್ಲಿ, ಶಟ್‌ಡೌನಿಗೊಂದು ರೀಸ್ಟಾರ್ಟಿಗೊಂದು ಬ್ಯಾರೆ ಇರಬೇಕು. ಹಂಗೇ ಯಾರರ ‘ಎಬ್ಬಿಸು’ ‘ಮರುಎಬ್ಬಿಸು’ ಅಂತ ಬರೋ ಮೊದ್ಲೇ ಹೇಳ್ತೀನಿ, ಅದೂ ಆಗಂಗಿಲ್ಲ, ಸ್ಲೀಪಿನಿಂದ ಎಬ್ಬಸೋದು ಮತ್ತೊಂದೇ ಅದ.

ಉತ್ತರ: ಕಲಬುರಗಿ, ನಿವೃತ್ತ ಉಪನ್ಯಾಸಕ

ಹಾಗಾದರೆ ಪುನರಾರಂಭ ಅನ್ನೋದೇ ಸರಿ ಆಯ್ತು. ಆರಂಭದಿಂದ ಮತ್ತೆ. ಶಟ್‌ಡೌನಿಗೆ ಸ್ಥಗಿತ.

ಉತ್ತರ: ಬೀದರ

ಸರ್, ಸ್ಥಗಿತ ಅಂದ್ರ ಜನ ಹ್ಯಾಂಗ್ ಅಂತ ತಿಳ್ಕೋತಾರ. ‘ಕಾಮಗಾರಿ ಸ್ಥಗಿತ’ ಅಂತ ದಿನಾ ಪೇಪರಿನಾಗ ಓದಂಗಿಲ್ಲೇನ್ರಿ, ನಡಕ ನಿಂತದ್ದಕ್ಕೇ ಸ್ಥಗಿತ ಅಂತಾರ, ಮುಗಿಸಿ ಮಲಗಿಸಿದ್ದಕ್ಕ ಅಲ್ಲ. ಬೇಕಂದ್ರ ಹ್ಯಾಂಗಿಗೇ ಅದನ್ನ ಕೊಡ್ರಿ.

ಉತ್ತರ: ಯಾದಗಿರಿ

ಬೂಟ್ ಅನ್ನೋ ಪದ ಎಲ್ಲಿಂದ ಬಂದದ ಅನ್ನೋದು ನೋಡಿದ್ರ ದಾರಿ ಸಿಗ್ತದ. ಕಾಲಾಗಿನ ಬೂಟೇ ಅದು. ಬೂಟಿನ ಹಿಂದಿನ ಪಟ್ಟಿ ಹಿಡಿದು ತನ್ನನ್ನ ತಾನೇ ಮ್ಯಾಲ ಎತ್ತಿಕೊಳ್ಳೋದು ಅಂತ ಇಂಗ್ಲಿಷಿನಾಗ ಒಂದು ಮಾತು, ಬೂಟ್‌ಸ್ಟ್ರಾಪ್, ಅದನ್ನೇ ಕತ್ತರಿಸಿ ಬೂಟ್ ಮಾಡ್ಯಾರ. ಒಂದು ಸಣ್ಣ ಪ್ರೋಗ್ರಾಮ್ ಮೊದ್ಲು ಏಳ್ತದ, ಅದು ದೊಡ್ಡದನ್ನ ಎಬ್ಬಿಸ್ತದ. ಹಂಗಾದ್ರ ಬೂಟಿಗೆ ‘ತಾನೇಳು’, ರೀಬೂಟಿಗೆ ‘ಮರುತಾನೇಳು’. ಮರುಮೊದಲಿಸು ವಾಪಸ್ ತಗೊಂಡೆ.

ಉತ್ತರ: ಬೀದರ

ಚಪ್ಪಲಿ ಹಾಕ್ಕೊಂಡೋರು ಏನ್ ಮಾಡಬೇಕು?

ಉತ್ತರ: ಕಲಬುರಗಿ, ನಿವೃತ್ತ ಉಪನ್ಯಾಸಕ

‘ಮರುತಾನೇಳು’ ಕನ್ನಡವೂ ಅಲ್ಲ, ಪದವೂ ಅಲ್ಲ.

ಕೇಳಿದವರು: ಕಲಬುರಗಿ, ಕಂಪ್ಯೂಟರ್ ಅಂಗಡಿ

ಬೀದರ ಮೇಡಂ ಹೇಳಿದ್ದು ನೂರಕ್ಕ ನೂರು ಖರೆ, ಆ ಸಾಲು ತಗದೆ. ಈಗ ನನ್ನ ಅಡಚಣಿ ಬ್ಯಾರೇನೇ ಅದ. ಗಿರಾಕಿ ಮನಿಯಾಗ ಸ್ಕ್ರೀನಿನ ಮ್ಯಾಲ ಇಂಗ್ಲಿಷಿನಾಗೇ ರೀಸ್ಟಾರ್ಟ್ ಅಂತ ಇರ್ತದ, ನೂರರಾಗ ಒಬ್ರೂ ವಿಂಡೋಸ್ ಕನ್ನಡದಾಗ ಇಟ್ಕೊಂಡಿಲ್ಲ. ನಾ ಪುನರಾರಂಭ ಅಂತ ಬರದ್ರ ಅವ ಪುನರಾರಂಭ ಎಲ್ಲಿ ಅಂತ ಹುಡುಕ್ತಾನ, ಸಿಗಂಗಿಲ್ಲ, ಮತ್ತ ನನಗೇ ಫೋನ್ ಹಚ್ತಾನ. ಸೇಫ್ ಮೋಡಿಗಂತೂ ಎಫ್8 ಒತ್ತೋ ಕಾಲ ಹೋಯ್ತು, ಈಗ ಶಿಫ್ಟ್ ಹಿಡ್ಕೊಂಡು ರೀಸ್ಟಾರ್ಟ್ ಒತ್ತಬೇಕು, ಆಮ್ಯಾಲ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ಮತ್ತ ರೀಸ್ಟಾರ್ಟ್, ಕಡೀಕ 4. ಇಷ್ಟೂ ಕನ್ನಡ ಮಾಡಿ ಬರದ್ರ ಯಾರ್ ದಾಟ್ತಾರ್ರಿ? ಅದಕ್ಕ ಒತ್ತೋ ಹೆಸರು ಸ್ಕ್ರೀನಿನಾಗ ಇದ್ದಂಗೇ, ಯಾಕ ಒತ್ತಬೇಕು ಅನ್ನೋದು ನಮ್ಮ ಮಾತಿನಾಗ, ಹಿಂಗ ಮಾಡ್ಲೇನು?

ಉತ್ತರ: ಯಾದಗಿರಿ

ಹಿಂಗೇ ಬರದ್ರ ಸ್ಕ್ರೀನಿನ ಮ್ಯಾಲ ಕನ್ನಡ ಬರೋದು ಯಾವಾಗ? ಎಲ್ಲಾ ಇಂಗ್ಲಿಷಿನಾಗೇ ಇಟ್ಕೊಳ್ಳೋದಾದ್ರ ಇಲ್ಲಿ ಕೇಳಿದ್ದ್ಯಾಕ? ಅರಬ್ಬಿ ಪಾರ್ಸಿ ತುಂಬ್ಕೊಂಡದ್ದು ಸಾಲದಂತ ಈಗ ಇದೊಂದು. ಬಂದ್ ಅಂತ, ಚಾಲೂ ಅಂತ, ಇದೇನ್ ಕನ್ನಡ ಬೋರ್ಡೋ ನಿಜಾಮರ ಕಾಲದ ಬೋರ್ಡೋ.

ಉತ್ತರ: ಬೀದರ

ನಿಜಾಮರ ಕಾಲ ಅಂದ್ರಲ್ಲ ಅಣ್ಣಾರ, ಬೆಂಗಳೂರಿನ ಬ್ಯಾಂಕಿನಾಗೂ ‘ಚಾಲ್ತಿ ಖಾತೆ’ ಅಂತ್ಲೇ ಅದ, ಅಲ್ಲಿ ಯಾವ ನಿಜಾಮ ಇದ್ದ? ರಾಜ್ಯದ ಎಲ್ಲಾ ತಹಶೀಲ್ದಾರ್ ಆಫೀಸಿನಾಗ ಪೋಡಿ ದುರಸ್ತಿ ಅಂತಾರ, ದುರಸ್ತಿ ಪಾರ್ಸಿ, ತಹಶೀಲ್ದಾರ್ ಪಾರ್ಸಿ, ಅಲ್ಲಿಗಿ ಕೊಡೋ ಅರ್ಜಿ ಅರಬ್ಬಿ. ನೀವು ಕುಂತಿರೋ ಖುರ್ಚಿನೂ ಅರಬ್ಬೀನೇ, ಎದ್ದು ನಿಂತು ಬರೀತೀರೇನು? ಮೈಸೂರು ಕಡಿಯವರು ಅಂದ್ರ ಕನ್ನಡ, ನಾವು ಅಂದ್ರ ಉರ್ದು ಆಗ್ತದ. ಈ ಲೆಕ್ಕ ನನಗ ತಿಳಿಯಂಗಿಲ್ಲ.

ಬೋರ್ಡಿನ ಹೆಸರಿಗೆ ನಾ ಒಂದು ಹೇಳ್ತೀನಿ, ‘ತಕರಾರು’. ಗಾಡಿ ತಕರಾರು ಮಾಡ್ಲಾಕತ್ತದ, ಮೋಟರ್ ತಕರಾರು ಅದ ಅಂತ ದಿನಾ ಅಂತೀವಿ. ಅರಬ್ಬಿನಾಗ ತಕ್ರಾರ್ ಅಂದ್ರ ಹೊಳ್ಳಿ ಹೊಳ್ಳಿ ಅದೇ ಮಾಡೋದು ಅಂತ, ಕಂಪ್ಯೂಟರಿಗೆ ಇದಕ್ಕಿಂತ ಬರೋಬರಿ ಪದ ಎಲ್ಲಿ ಸಿಗಬೇಕು. “ಕಂಪ್ಯೂಟರ್ ತಕರಾರು: ಮೊದ್ಲು ಮನಿಯಾಗ ನೋಡ್ರಿ.” ಮುಗೀತು.

ಉತ್ತರ: ಕಲಬುರಗಿ, ನಿವೃತ್ತ ಉಪನ್ಯಾಸಕ

ತಕರಾರು ಅಂದರೆ ಆಕ್ಷೇಪಣೆ. ತಕರಾರು ಅರ್ಜಿ ಅಂತ ಕೋರ್ಟಿನಲ್ಲಿ ಸಲ್ಲಿಸ್ತಾರೆ. ಕಂಪ್ಯೂಟರ್ ಯಾರ ಮೇಲೆ ಆಕ್ಷೇಪಣೆ ಹಾಕಿದೆ? ಇನ್ನು ‘ಮನಿಯಾಗ’ ಅಂತ ಫ್ಲೆಕ್ಸಿನಲ್ಲಿ ಬರೆಯೋದು ಸರಿಯಲ್ಲ, ಬಾಯಲ್ಲಿ ಆಡಿ, ಬರೆಯುವಾಗ ‘ಮನೆಯಲ್ಲಿ’ ಅನ್ನಿ. ಚಾಲೂ ಬಗ್ಗೆ ಒಂದು ಮಾತು, ಅದರ ಬೇರು ಸಂಸ್ಕೃತದ ಚಲ್ ಧಾತು, ಹಿಂದಿ ಮರಾಠಿ ಸುತ್ತಿ ಬಂದಿದೆ ಅಷ್ಟೇ. ಆದ್ದರಿಂದ ನನಗೆ ಚಾಲೂ ಮೇಲೆ ವಿರೋಧವಿಲ್ಲ.

ಉತ್ತರ: ಯಾದಗಿರಿ

ಸಂಸ್ಕೃತ ಇದ್ರ ಸಾಕು, ಯಾವ ಬಾಗಿಲಿಂದ ಬಂದ್ರೂ ಒಳಗ ಕರೀತೀರಿ.

ಉತ್ತರ: ಬೀದರ

ಮನಿಯಾಗ ಅಂತ್ಲೇ ಬರೀರಿ. ಓದೋರು ಆಳಂದದವರು.

ಚೀಟಿಯಾಗ ಇನ್ನೊಂದು ಸೇರಸ್ರಿ, ಮೇ ತಿಂಗಳದಾಗ ಇಲ್ಲಿ 40 ಡಿಗ್ರಿ ದಾಟ್ತದ, ಒಳಗಿನ ಫ್ಯಾನಿಗೆ ಧೂಳಿ ಕಟ್ಟಿದ್ರ ಪ್ರೊಸೆಸರ್ ಕಾದು ತಾನೇ ವೇಗ ಇಳಿಸ್ಕೋತದ, ಆಗ ಎಷ್ಟು ರೀಸ್ಟಾರ್ಟ್ ಹೊಡದ್ರೂ ಉಪಯೋಗಿಲ್ಲ. ಮಧ್ಯಾಹ್ನ ನಿಧಾನ, ಮುಂಜಾನಿ ಸರಿ ಅಂದ್ರ ಮೊದ್ಲು ಧೂಳಿ ನೋಡ್ರಿ ಅಂತ ಒಂದು ಸಾಲು. ಜನ ವೈರಸ್ ವೈರಸ್ ಅಂತ ಇದ್ದಬದ್ದ ಆ್ಯಂಟಿವೈರಸ್ ಎಲ್ಲಾ ಹಾಕ್ಕೊಂಡು ಇನ್ನೂ ನಿಧಾನ ಮಾಡ್ಕೋತಾರ.

ಮತ್ತ ಒಂದು, ಮೂರೂ ಕೀಲಿ ಒತ್ರಿ ಅಂತ ಬರ್ದೀರಿ. ನಮ್ಮ ಕಡಿ ಕೀಲಿ ಅಂದ್ರ ಬಾಗಿಲಿಗಿ ಹಾಕೋ ಬೀಗ, ತೆಗಿಯೋದು ಕೀಲಿಕೈ. ಮೂರೂ ಬೀಗ ಒತ್ತೋದು ಹ್ಯಾಂಗ್ರಿ?

ಉತ್ತರ: ಯಾದಗಿರಿ

ಕೀಲಿಮಣೆ ಅನ್ನೋದು ನಾಡಿಗೆಲ್ಲಾ ಒಪ್ಪಿತ ಆಗಿರೋ ಪದ. ಅದನ್ನೂ ಬಿಡಿಸ್ತೀರೇನು?

ಉತ್ತರ: ಬೀದರ

ನಾಡಿಗೆ ಒಪ್ಪಿತ, ಬೀದರಿಗೆ ಬೀಗ.

ಉತ್ತರ: ಕಲಬುರಗಿ, ನಿವೃತ್ತ ಉಪನ್ಯಾಸಕ

‘ಗುಂಡಿ’ ಅನ್ನಬಹುದು.

ಉತ್ತರ: ಯಾದಗಿರಿ

ಗುಂಡಿ ಅಂದ್ರ ಅಂಗಿಗೂ ಅದ, ರೋಡಿಗೂ ಅದ. ಕಲಬುರಗಿಯವರು ಎರಡನೇದೇ ತಿಳ್ಕೋತಾರ.

ಕೇಳಿದವರು: ಕಲಬುರಗಿ, ಕಂಪ್ಯೂಟರ್ ಅಂಗಡಿ

ಫೈಲ್ ಹೋಯ್ತ್ರಿ, ಫ್ಲೆಕ್ಸಿನವ ಎರಡು ಸಲ ಫೋನ್ ಮಾಡಿದ. ಮ್ಯಾಲ “ಕಂಪ್ಯೂಟರ್ ತಕರಾರು: ಮೊದ್ಲು ಮನಿಯಾಗ ನೋಡ್ರಿ” ಅಂತ ಹಾಕೀನಿ, ಗುರುಗಳು ಬೇಜಾರ್ ಮಾಡ್ಕೋಬ್ಯಾಡ್ರಿ. ಹ್ಯಾಂಗಿಗೆ “ಗರಬಡದಂಗ ನಿಂತ್ರ” ಅಂತ, ಯಾದಗಿರಿ ಸರ್ ಹೇಳಿದ್ದು ತಗೊಂಡೀನಿ, ಎಣ್ಣುಕ ಬಿಟ್ಟೀನಿ. ಆಮ್ಯಾಲ “ಶಟ್‌ಡೌನ್ ಬ್ಯಾಡ, ರೀಸ್ಟಾರ್ಟ್ ಅಂತ ಇದ್ದದ್ದೇ ಒತ್ರಿ, ಬುಡದಿಂದ ಹೊಸದಾಗಿ ಚಾಲೂ ಆಗ್ತದ”. ಧೂಳಿ ಸಾಲು ಸೇರ್ಸೀನಿ. ಸೇಫ್ ಮೋಡ್ ಪೂರಾ ತಗದೆ, ಅಷ್ಟು ದೂರ ಹೋಗೋದಿದ್ರ ಅಂಗಡಿಗೇ ತರ್ಲಿ.

ಉತ್ತರ: ಯಾದಗಿರಿ

ಕೀಲಿಗೆ ಕಡೀಕ ಏನ್ ಬರದ್ರಿ?

ಕೇಳಿದವರು: ಕಲಬುರಗಿ, ಕಂಪ್ಯೂಟರ್ ಅಂಗಡಿ

ಏನೂ ಬರ್ದಿಲ್ಲ ಸರ್. ಕೀಬೋರ್ಡಿನ ಫೋಟೋ ಹಾಕಿ ಮೂರರ ಸುತ್ತ ಕೆಂಪು ಗೆರಿ ಹೊಡದೀನಿ.