ಆಪರೇಷನ್ ಆದ ಮೇಲೆ 14 ಕಿಲೋ ಇಳಿದಿದ್ದಾರೆ, ಆದರೂ ಫ್ಯಾಟಿ ಲಿವರ್ ಅಂತೆ

ಪ್ರಶ್ನೆ (ಬದಿಯಡ್ಕ):
ಅಪ್ಪನಿಗೆ 61 ವರ್ಷ. ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಗಡ್ಡೆ ಇತ್ತು, ಎಂಟು ತಿಂಗಳ ಹಿಂದೆ ಮಂಗಳೂರಿನಲ್ಲಿ ಆ ಭಾಗ ತೆಗೆಯುವ ವಿಪಲ್ ಆಪರೇಷನ್ ಆಯಿತು. ಗಡ್ಡೆ ಮತ್ತೆ ಬಂದಿಲ್ಲ, ಅದೊಂದು ಸಮಾಧಾನ. ಆದರೆ ಈ ಸಲದ ಸಿಟಿ ಸ್ಕ್ಯಾನ್‌ನಲ್ಲಿ ಲಿವರ್‌ನಲ್ಲಿ ಕೊಬ್ಬು ಜಾಸ್ತಿ ಅಂತ ಬಂದಿದೆ. ಅಪ್ಪ ಒಂದು ದಿನವೂ ಕುಡಿದವರಲ್ಲ. 64 ಕಿಲೋ ಇದ್ದವರು ಈಗ 50, ಪಂಚೆ ಸೊಂಟದಲ್ಲಿ ನಿಲ್ಲುವುದಿಲ್ಲ ಅಂತ ಮೇಲೆ ಬೆಲ್ಟ್ ಕಟ್ಟುತ್ತಾರೆ. ಮನೆಯಲ್ಲಿ ಎಲ್ಲರೂ ತುಪ್ಪ, ತೆಂಗಿನಕಾಯಿ ನಿಲ್ಲಿಸು ಅಂದರು, ಎರಡು ವಾರದಿಂದ ಬರೀ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ದೊಡ್ಡಮ್ಮ ನೆಲನೆಲ್ಲಿ ಅರೆದು ಕೊಡು ಅನ್ನುತ್ತಾರೆ. ಡಾಕ್ಟರನ್ನು ಕಾಣುವುದು ಮುಂದಿನ ವಾರ. ಯಾರಿಗಾದರೂ ಹೀಗೆ ಆಗಿದೆಯಾ?

ಉತ್ತರ 1 (ನೀರ್ಚಾಲು):
ನಮ್ಮ ಅಮ್ಮನಿಗೂ ಇದೇ ಆಗಿತ್ತು. ಮೊದಲು ಆ ಬರೀ ಗಂಜಿ ನಿಲ್ಲಿಸಿ ತಂಗಿ. ಇದು ತಿಂದು ದಪ್ಪ ಆದವರ ಫ್ಯಾಟಿ ಲಿವರ್ ಅಲ್ಲ, ತಿಂದದ್ದು ಮೈಗೆ ಹತ್ತದವರದ್ದು. ಟಾಯ್ಲೆಟ್‌ನಲ್ಲಿ ಮಲ ತೇಲುತ್ತದಾ, ಜಿಡ್ಡು ಜಿಡ್ಡಾಗಿ ಎರಡು ಸಲ ನೀರು ಹಾಕಿದರೂ ಹೋಗುವುದಿಲ್ವಾ? ಊಟ ಜೀರ್ಣವಾಗಲು ಎನ್‌ಜೈಮ್ ಕ್ಯಾಪ್ಸೂಲ್ ಕೊಟ್ಟಿದ್ದಾರಾ?

ಪ್ರಶ್ನೆ ಕೇಳಿದವಳು:
ಹೌದಕ್ಕ, ಅದೇ ರೀತಿ. ಅಪ್ಪ ನಾಚಿಕೆಯಿಂದ ಹೇಳಿಯೇ ಇರಲಿಲ್ಲ, ಈಗ ಕೇಳಿದ್ದಕ್ಕೆ ಹೇಳಿದರು. ಕ್ಯಾಪ್ಸೂಲ್ ಇದೆ, 25,000 ಅಂತ ಬರೆದಿದೆ. ರಾತ್ರಿ ಊಟ ಮುಗಿಸಿ ಕೈ ತೊಳೆದ ಮೇಲೆ ಬಿಪಿ ಮಾತ್ರೆ ಜೊತೆ ಒಂದು ನುಂಗುತ್ತಾರೆ.

ಉತ್ತರ 2 (ಮಂಜೇಶ್ವರ, ಆಸ್ಪತ್ರೆಯಲ್ಲಿ ನರ್ಸ್):
ತೊಂದರೆ ಬಹುಶಃ ಅಲ್ಲೇ ಇದೆ. ಆ ಕ್ಯಾಪ್ಸೂಲ್ ಮಾತ್ರೆಯ ಹಾಗಲ್ಲ, ಊಟದ ಭಾಗ. ಗ್ರಂಥಿ ಸುರಿಸಬೇಕಿದ್ದ ರಸ ಅದರಲ್ಲಿದೆ, ಅನ್ನದ ಜೊತೆಗೇ ಬೆರೆಯಬೇಕು. ಮೊದಲ ತುತ್ತಿಗೆ ಒಂದು, ಊಟದ ಮಧ್ಯೆ ಇನ್ನೊಂದು, ಹೀಗೆ ತೆಗೆದುಕೊಳ್ಳುವುದು. ದೊಡ್ಡವರಿಗೆ ಸಾಮಾನ್ಯವಾಗಿ ಒಂದು ಹೊತ್ತಿನ ಊಟಕ್ಕೆ 40,000ದಿಂದ 50,000 ಯುನಿಟ್‌ನಲ್ಲಿ ಶುರು ಮಾಡುತ್ತಾರೆ, ಚಹಾ ತಿಂಡಿಗೆ ಅದರ ಅರ್ಧ. ಅಪ್ಪನಿಗೆ ಎಷ್ಟು ಅಂತ ಡಾಕ್ಟರೇ ಹೇಳಲಿ, ಮುಂದಿನ ವಾರದವರೆಗೆ ಕಾಯದೆ ಇವತ್ತೇ ಫೋನ್ ಮಾಡಿ. ಜಗಿಯಬಾರದು, ಬಿಸಿ ಗಂಜಿಗೆ ಬಿಚ್ಚಿ ಹಾಕಲೂಬಾರದು. ಇದನ್ನು ಹಂದಿಯ ಗ್ರಂಥಿಯಿಂದ ಮಾಡುತ್ತಾರೆ, ಮನೆಯಲ್ಲಿ ಅದಕ್ಕೆ ಅಡ್ಡಿ ಇದ್ದರೆ ಡಾಕ್ಟರ ಹತ್ತಿರ ಮಾತಾಡಿ, ಸುಮ್ನೆ ಬಿಟ್ಟುಬಿಡಬೇಡಿ.

ಲಿವರ್ ತನ್ನ ಕೊಬ್ಬನ್ನು ರಕ್ತಕ್ಕೆ ಕಳಿಸಬೇಕಾದರೆ ಅದಕ್ಕೆ ಪ್ರೋಟೀನಿನ ಹೊದಿಕೆ ಬೇಕು. ಊಟ ಜೀರ್ಣವಾಗದೆ ಪ್ರೋಟೀನ್ ಸಿಗದಿದ್ದರೆ ಕೊಬ್ಬು ಅಲ್ಲೇ ಉಳಿಯುತ್ತದೆ. ಗಂಜಿಯಲ್ಲಿ ಪ್ರೋಟೀನ್ ಎಷ್ಟಿದೆ ಹೇಳಿ? ಮೊಟ್ಟೆ, ಮೀನು, ಹೆಸರುಬೇಳೆ, ಮೊಸರು, ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಕೊಡಿ. ನೆಲನೆಲ್ಲಿ ಬೇಡ ಅಂತ ದೊಡ್ಡಮ್ಮನಿಗೆ ಮೆಲ್ಲಗೆ ಹೇಳಿ. ವಿಟಮಿನ್ ಎ, ಡಿ, ಇ, ಕೆ ಮತ್ತು ಶುಗರ್ ಪರೀಕ್ಷೆ ಕೇಳಿ, ಊಟ ಮೈಗೆ ಹತ್ತಲು ಶುರುವಾದಾಗ ಶುಗರ್ ಏರುವುದುಂಟು. ಚಳಿ ಜ್ವರ ಬಂದರೆ, ಕಣ್ಣು ಹಳದಿಯಾದರೆ ಅದು ಬೇರೆ ವಿಷಯ, ಆ ದಿನವೇ ಆಸ್ಪತ್ರೆಗೆ.

ಉತ್ತರ 1 (ನೀರ್ಚಾಲು):
ಅಮ್ಮನ ಕ್ಯಾಪ್ಸೂಲ್ ಡಬ್ಬ ಈಗ ಉಪ್ಪಿನ ಭರಣಿಯ ಪಕ್ಕ, ಬಡಿಸುವ ಜಾಗದಲ್ಲೇ ಇರುತ್ತದೆ. ಕಡಿಮೆಯಾಗಲು ತಿಂಗಳುಗಳೇ ಹಿಡಿದವು, ಆದರೆ ನಂತರದ ಸ್ಕ್ಯಾನ್‌ನಲ್ಲಿ ಕೊಬ್ಬು ಇಳಿದಿತ್ತು.

ಪ್ರಶ್ನೆ ಕೇಳಿದವಳು:
ಡಾಕ್ಟರಿಗೆ ಫೋನ್ ಮಾಡಿದೆ. ಊಟಕ್ಕೆ ಎರಡು, ತಿಂಡಿಗೆ ಒಂದು ಅಂದರು. ಮಧ್ಯಾಹ್ನ ಬಂಗುಡೆ ಸಾರು ಬಡಿಸಿದೆ. ಅಪ್ಪ ಮೊದಲ ತುತ್ತಿನ ಜೊತೆ ನುಂಗಿ, ಇನ್ನೊಂದನ್ನು ಬಟ್ಟಲಿನ ಪಕ್ಕ ಇಟ್ಟುಕೊಂಡು ಕೂತಿದ್ದಾರೆ.